ಯುದ್ಧವಿಮಾನಗಳನ್ನು ಮೆಚ್ಚುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯ ಕೋಟೆಗುಡ್ಡದ ಬುಡದಲ್ಲಿರುವ ಒಂದು ಚಹಾದಂಗಡಿಯಲ್ಲಿ ನಾವು ಏಳೆಂಟು ಮಂದಿ ಭಾನುವಾರ ಬೆಳಿಗ್ಗೆ ಸೇರುತ್ತೇವೆ. ನಮ್ಮಲ್ಲಿ ಒಬ್ಬರು ತೋರಣಗಲ್ಲಿನಲ್ಲಿ ಉಕ್ಕಿನ ಕೆಲಸದವರು, ಒಬ್ಬರು ಜೀನ್ಸ್ ಹೊಲಿಗೆಯ ಘಟಕ ನಡೆಸುವವರು, ಇಬ್ಬರು ರಾಯಚೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಹುಡುಗರು, ಕೊಪ್ಪಳದಿಂದ ಬರುವ ನಿವೃತ್ತ ಶಿಕ್ಷಕರೊಬ್ಬರು. ಯಾರೂ ವಾಯುಪಡೆಯವರಲ್ಲ, ಯುದ್ಧವಿಮಾನಗಳ ಹುಚ್ಚು ಮಾತ್ರ ಎಲ್ಲರಿಗೂ ಸಮಾನ. ಹೊಸದಾಗಿ ಬಂದವರು ಪ್ರತಿ ಸಲವೂ ಅವೇ ಪ್ರಶ್ನೆಗಳನ್ನು ಕೇಳುವುದರಿಂದ, ಉತ್ತರಗಳನ್ನು ಒಂದೆಡೆ ಬರೆದಿಡುವ ಕೆಲಸ ನನ್ನ ಪಾಲಿಗೆ ಬಂದಿದೆ.

ಎಲ್ಲಕ್ಕಿಂತ ಶ್ರೇಷ್ಠವಾದ ಯುದ್ಧವಿಮಾನ ಯಾವುದು?

ಕಾರಹುಣ್ಣಿಮೆಯ ದಿನ ಕರಿ ಹರಿಯಲು ಬಿಡುವ ಎತ್ತನ್ನು ಮರುದಿನ ಎರೆ ಹೊಲದಲ್ಲಿ ರೆಂಟೆಗೆ ಕಟ್ಟಿದರೆ ಏನಾಗುತ್ತದೆ ಎಂಬುದು ನಮ್ಮ ಕಡೆಯ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಓಟಕ್ಕೆ ಬೇಕಾದ ತೆಳು ಕಾಲು ಬೇರೆ, ಒಣಗಿ ಬಿಗಿದ ಎರೆ ಮಣ್ಣನ್ನು ಸೀಳುವ ಹೆಗಲು ಬೇರೆ. ಎರಡೂ ಇರುವ ಎತ್ತನ್ನು ಹುಡುಕುತ್ತ ಸಂತೆ ಸಂತೆ ತಿರುಗಿದವರು ಬರಿಗೈಯಲ್ಲಿ ಮರಳಿದ್ದಾರೆ. ಯುದ್ಧವಿಮಾನದ ವಿಷಯವೂ ಇದೇ. ಗಡಿಯ ಮೇಲೆ ಏಕಾಏಕಿ ಕಾಣಿಸಿಕೊಂಡ ಶತ್ರುವಿಮಾನವನ್ನು ಕೆಲವೇ ನಿಮಿಷಗಳಲ್ಲಿ ತಡೆಯಲು ಮಾಡಿದ ವಿಮಾನ, ಸಾವಿರ ಕಿಲೋಮೀಟರ್ ದೂರ ಹೋಗಿ ಬಾಂಬು ಹಾಕಿ ಬರಲು ಮಾಡಿದ ವಿಮಾನ, ಹಡಗಿನ ಮೇಲೆ ಇಳಿಯಲು ಮಾಡಿದ ವಿಮಾನ ಇವು ಒಂದಕ್ಕೊಂದು ಹೋಲುವುದಿಲ್ಲ, ಹೋಲಲೂ ಬಾರದು. ಆದ್ದರಿಂದ ಈ ಪ್ರಶ್ನೆಗೆ ನಾವು ಹೆಸರನ್ನು ಹೇಳುವುದಿಲ್ಲ, ‘ಯಾವ ಕೆಲಸಕ್ಕೆ?’ ಎಂದು ತಿರುಗಿ ಕೇಳುತ್ತೇವೆ. ಜೀನ್ಸ್ ಘಟಕದ ಗೆಳೆಯರು ಇದನ್ನೇ ತಮ್ಮ ಭಾಷೆಯಲ್ಲಿ ಹೇಳುತ್ತಾರೆ: ‘ಥಾನ್ ಅಷ್ಟೇ ಐತಿ. ಕಿಸೆ ದೊಡ್ಡದು ಬೇಕಂದ್ರ ಬಟ್ಟಿ ಎಲ್ಲಿಂದರ ಕತ್ತರಿಸಬೇಕಲ್ಲ?’

ಆದರೂ ಅತಿ ವೇಗವಾಗಿ ಹಾರುವುದೇ ಉತ್ತಮ ವಿಮಾನವಲ್ಲವೇ?

ವೇಗದ ಬೆಲೆಯನ್ನು ತಿಳಿಯಲು ಮಿಗ್-25 ಅನ್ನು ನೋಡಬೇಕು. ಶಬ್ದದ ವೇಗದ 2.83 ಪಟ್ಟು ಅದಕ್ಕೆ ನಿಗದಿಯಾಗಿದ್ದ ಮಿತಿ. ಅಷ್ಟು ವೇಗದಲ್ಲಿ ಗಾಳಿಯ ಒತ್ತಡ ಮತ್ತು ತಿಕ್ಕಾಟದಿಂದ ವಿಮಾನದ ಮುಂಭಾಗ 250 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಸಾಮಾನ್ಯ ವಿಮಾನಗಳ ಅಲ್ಯೂಮಿನಿಯಂ ಆ ಬಿಸಿಯಲ್ಲಿ ತನ್ನ ಗಟ್ಟಿತನವನ್ನು ಕಳೆದುಕೊಳ್ಳುತ್ತದೆ. ಟೈಟಾನಿಯಂ ಹೊಂದಿಸುವುದು ದುಬಾರಿಯಾದ್ದರಿಂದ ಸೋವಿಯತ್ ವಿನ್ಯಾಸಕಾರರು ನಿಕ್ಕಲ್ ಬೆರೆಸಿದ ಉಕ್ಕನ್ನು ಆರಿಸಿಕೊಂಡು, ವಿಮಾನದ ಬಹುಭಾಗವನ್ನು ಅದರಿಂದಲೇ ಬೆಸುಗೆ ಹಾಕಿ ಕಟ್ಟಿದರು. ತೋರಣಗಲ್ಲಿನ ನಮ್ಮ ಗೆಳೆಯರಿಗೆ ಇದು ಅಚ್ಚುಮೆಚ್ಚಿನ ವಿಮಾನ. ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಕ್ಕಿನ ಜೊತೆ ಉಕ್ಕಿನ ತೂಕವೂ ಬಂತು. ತುಂಬಿದ ಮಿಗ್-25 ಸುಮಾರು 36 ಟನ್ ತೂಗುತ್ತಿತ್ತು ಮತ್ತು ಸುಮಾರು 5 ಜಿಗಿಂತ (ಅಂದರೆ ತಿರುವಿನಲ್ಲಿ ತೂಕ ಐದು ಪಟ್ಟಾಗುವುದಕ್ಕಿಂತ) ಬಿಗಿಯಾಗಿ ತಿರುಗುವಂತಿರಲಿಲ್ಲ. 1976ರ ಸೆಪ್ಟೆಂಬರ್ 6ರಂದು ಸೋವಿಯತ್ ಪೈಲಟ್ ವಿಕ್ಟರ್ ಬೆಲೆಂಕೊ ಒಂದು ಮಿಗ್-25 ಅನ್ನು ಜಪಾನಿನ ಹಾಕೋಡಾಟೆಗೆ ಹಾರಿಸಿಕೊಂಡು ಹೋಗಿ ಇಳಿಸಿದಾಗ, ಅದನ್ನು ಎಲ್ಲ ಬಲ್ಲ ಪರಮ ಯಂತ್ರವೆಂದು ಹೆದರಿದ್ದ ಪಾಶ್ಚಾತ್ಯ ತಜ್ಞರು ಅದರ ಉಕ್ಕನ್ನೂ ನಿರ್ವಾತ ಕೊಳವೆಗಳಿಂದ ಮಾಡಿದ ರೇಡಾರನ್ನೂ ಕಂಡು ಬೆರಗಾದರು. ಆದರೆ ಅದನ್ನು ಕಳಪೆ ಎನ್ನುವುದು ತಪ್ಪು. ಎತ್ತರದಲ್ಲಿ, ನೆಟ್ಟಗೆ, ಅತಿ ವೇಗದಲ್ಲಿ ಹೋಗಿ ಬರುವ ಕೆಲಸಕ್ಕೆ ಅದು ಹೇಳಿ ಮಾಡಿಸಿದಂತಿತ್ತು. ನಮ್ಮ ವಾಯುಪಡೆಯೂ ಅದನ್ನು 1981ರಿಂದ 2006ರವರೆಗೆ ಛಾಯಾಚಿತ್ರಗಳ ಮೂಲಕ ಬೇಹು ನಡೆಸಲು ಬಳಸಿತು, ಸುತ್ತಿ ಸುತ್ತಿ ಕಾದಾಡಲು ಅಲ್ಲ.

ರೆಕ್ಕೆ ದೊಡ್ಡದಿದ್ದರೆ ಒಳ್ಳೆಯದೋ, ಚಿಕ್ಕದಿದ್ದರೆ ಒಳ್ಳೆಯದೋ?

ಮೊದಲು ಅಂಕಿಗಳನ್ನು ನೋಡೋಣ. ಅಮೆರಿಕದ ಎಫ್-104ರ ರೆಕ್ಕೆಗಳ ವಿಸ್ತೀರ್ಣ ಸುಮಾರು 18 ಚದರ ಮೀಟರ್, ಮಿಗ್-21ರದು 23, ತೇಜಸ್‌ನದು 38, ಸುಖೋಯ್-30ರದು 62. ತೇಜಸ್ ಮತ್ತು ಮಿಗ್-21 ಹೆಚ್ಚು ಕಡಿಮೆ ಒಂದೇ ವರ್ಗದ ತೂಕದವು. ಆದರೆ ತೇಜಸ್‌ನ ರೆಕ್ಕೆ ಒಂದೂವರೆ ಪಟ್ಟಿಗಿಂತ ದೊಡ್ಡದು. ಇವೆರಡರ ನಡುವೆ ಎರಡು ಕಾಲಗಳ ಆಲೋಚನೆಯ ಅಂತರವಿದೆ.

1950ರ ದಶಕದಲ್ಲಿ ಎಲ್ಲರ ಕಣ್ಣೂ ವೇಗದ ಮೇಲಿತ್ತು. ಚಿಕ್ಕ, ತೆಳ್ಳಗಿನ ರೆಕ್ಕೆ ಗಾಳಿಗೆ ಕಡಿಮೆ ತಡೆಯೊಡ್ಡುವುದರಿಂದ ವಿಮಾನ ಶಬ್ದದ ಎರಡು ಪಟ್ಟು ವೇಗವನ್ನು ಸುಲಭವಾಗಿ ಮುಟ್ಟುತ್ತದೆ. ಎಫ್-104ರ ರೆಕ್ಕೆಯ ಅಂಚು ಎಷ್ಟು ತೆಳುವಾಗಿತ್ತೆಂದರೆ, ನೆಲದ ಮೇಲೆ ನಿಂತಾಗ ಸಿಬ್ಬಂದಿಗೆ ಗಾಯವಾಗದಿರಲೆಂದು ಅದಕ್ಕೆ ಹೊದಿಕೆ ಸಿಕ್ಕಿಸುತ್ತಿದ್ದರು. ಆದರೆ ಚಿಕ್ಕ ರೆಕ್ಕೆ ಕಡಿಮೆ ವೇಗದಲ್ಲಿ ವಿಮಾನದ ಭಾರವನ್ನು ಹೊರಲಾರದು. ಆದ್ದರಿಂದ ಇಳಿಯುವಾಗಲೂ ಓಡುತ್ತಲೇ ಇರಬೇಕು. ಮಿಗ್-21 ಇಳಿಯುವಾಗ ಗಂಟೆಗೆ 300 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ರನ್‌ವೇ ಮುಟ್ಟಿ, ಹಿಂದೆ ಪ್ಯಾರಾಚೂಟ್ ಬಿಚ್ಚಿ ನಿಲ್ಲುತ್ತಿತ್ತು. ಹೊಸ ಪೈಲಟ್‌ಗೆ ಆ ವೇಗದಲ್ಲಿ ತಪ್ಪು ತಿದ್ದಿಕೊಳ್ಳಲು ಸಿಗುವ ಸಮಯ ಎಷ್ಟೆಂದು ಊಹಿಸಿಕೊಳ್ಳಬಹುದು. ಪಶ್ಚಿಮ ಜರ್ಮನಿ ತಾನು ಪಡೆದ 916 ಎಫ್-104ಗಳಲ್ಲಿ 292 ಅನ್ನು ಅಪಘಾತಗಳಲ್ಲೇ ಕಳೆದುಕೊಂಡಿತು. ಬರಿಯ ರೆಕ್ಕೆಯೊಂದೇ ಅದಕ್ಕೆ ಕಾರಣವಲ್ಲ. ಎತ್ತರದಲ್ಲಿ ಹಾರಲು ಮಾಡಿದ ವಿಮಾನದ ಮೇಲೆ ಬಾಂಬುಗಳನ್ನೂ ಉಪಕರಣಗಳನ್ನೂ ಹೇರಿ, ಯುರೋಪಿನ ಮೋಡ ಕವಿದ ಹವೆಯಲ್ಲಿ ನೆಲಕ್ಕೆ ಹತ್ತಿರವಾಗಿ ಹಾರಿಸಿದ್ದೂ ಅಷ್ಟೇ ದೊಡ್ಡ ಕಾರಣ.

ದೊಡ್ಡ ರೆಕ್ಕೆಯಿದ್ದರೆ ವಿಮಾನ ಬೇಗ ಮೇಲೇಳುತ್ತದೆ, ಬಿಗಿಯಾಗಿ ತಿರುಗುತ್ತದೆ, ನಿಧಾನವಾಗಿ ಇಳಿಯುತ್ತದೆ. ಬದಲಿಗೆ ಗಾಳಿಯ ತಡೆ ಹೆಚ್ಚುತ್ತದೆ, ನೆಲದ ಹತ್ತಿರ ವೇಗವಾಗಿ ಹೋಗುವಾಗ ಪ್ರತಿ ಗಾಳಿಯಲೆಗೂ ಕುಲುಕುತ್ತದೆ. ನೆಲ ಸವರಿಕೊಂಡು ಹೋಗುವ ಜಾಗ್ವಾರ್‌ಗೆ ವಿನ್ಯಾಸಕಾರರು ಬೇಕೆಂದೇ ಚಿಕ್ಕ ರೆಕ್ಕೆ ಕೊಟ್ಟಿದ್ದು ಇದೇ ಕಾರಣಕ್ಕೆ.

ಹಾಗಾದರೆ ಹಾರುವಾಗಲೇ ರೆಕ್ಕೆಯನ್ನು ಬದಲಿಸಬಹುದಲ್ಲ?

ಬದಲಿಸಿ ನೋಡಿದ್ದಾರೆ. ನಮ್ಮಲ್ಲಿದ್ದ ಮಿಗ್-23 ಮತ್ತು ಮಿಗ್-27ಗಳ ರೆಕ್ಕೆ ಏಳುವಾಗ, ಇಳಿಯುವಾಗ 16 ಡಿಗ್ರಿಗೆ ಹರಡಿಕೊಂಡು, ಅತಿ ವೇಗದಲ್ಲಿ 72 ಡಿಗ್ರಿಯವರೆಗೆ ಹಿಂದಕ್ಕೆ ಮಡಚಿಕೊಳ್ಳುತ್ತಿತ್ತು. ಯೋಚನೆ ಚೆನ್ನಾಗಿದೆ, ಆದರೆ ಇಡೀ ರೆಕ್ಕೆಯ ಹೊರೆಯನ್ನು ಹೊತ್ತು ತಿರುಗುವ ಆ ಕೀಲಿನ ತೂಕವನ್ನು ವಿಮಾನ ಜೀವಮಾನವಿಡೀ ಹೊರಬೇಕು, ನೆಲದ ಸಿಬ್ಬಂದಿ ಜೀವಮಾನವಿಡೀ ಅದಕ್ಕೆ ಎಣ್ಣೆ ಹಾಕಿ ತಪಾಸಣೆ ಮಾಡಬೇಕು. 2019ರ ಡಿಸೆಂಬರ್ 27ರಂದು ಜೋಧ್‌ಪುರದಲ್ಲಿ ನಮ್ಮ ಕೊನೆಯ ಮಿಗ್-27ಗಳು ನಿವೃತ್ತವಾದವು. ಇಂದಿನ ಹೊಸ ಯುದ್ಧವಿಮಾನಗಳಲ್ಲಿ ಯಾರೂ ಈ ಕೀಲನ್ನು ಇಡುತ್ತಿಲ್ಲ.

ಕೆಲವು ವಿಮಾನಗಳ ಸೊಂಟ ಸಣ್ಣಗಿರುವುದೇಕೆ?

ಬುಡಬುಡಿಕೆಯವರ ಕೈಯ ಡಮರುವನ್ನು ನೆನಪಿಸಿಕೊಳ್ಳಿ. ಆ ಆಕಾರವೇ ಉತ್ತರ. ಶಬ್ದದ ವೇಗದ ಹತ್ತಿರ ಬಂದಾಗ ಗಾಳಿ ಒಡಲನ್ನೂ ರೆಕ್ಕೆಯನ್ನೂ ಬೇರೆ ಬೇರೆಯಾಗಿ ಕಾಣುವುದಿಲ್ಲ. ಮೂಗಿನಿಂದ ಬಾಲದವರೆಗೆ ಒಟ್ಟು ಅಡ್ಡಕೊಯ್ತ ಹೇಗೆ ಹಿಗ್ಗುತ್ತದೆ, ಹೇಗೆ ಕುಗ್ಗುತ್ತದೆ ಎಂಬುದರ ಮೇಲೆ ತಡೆ ನಿಲ್ಲುತ್ತದೆ. ರೆಕ್ಕೆ ಸೇರಿಕೊಳ್ಳುವಲ್ಲಿ ಅಡ್ಡಕೊಯ್ತ ಥಟ್ಟನೆ ಹಿಗ್ಗದಂತೆ ಒಡಲನ್ನು ಅಲ್ಲಿ ಒಳಕ್ಕೆ ಒತ್ತಬೇಕೆಂದು ಅಮೆರಿಕದ ಎಂಜಿನಿಯರ್ ರಿಚರ್ಡ್ ವಿಟ್‌ಕಂಬ್ ತೋರಿಸಿಕೊಟ್ಟರು. 1953ರಲ್ಲಿ ಹಾರಿದ ಎಫ್-102ರ ಮೊದಲ ಮಾದರಿ ಶಬ್ದದ ವೇಗವನ್ನು ದಾಟಲಾಗದೆ ಸೋತಿತ್ತು. ಸೊಂಟ ಸಣ್ಣ ಮಾಡಿದ ಮೇಲೆ 1954ರಲ್ಲಿ ದಾಟಿತು. ಆದರೆ ಒಳಕ್ಕೆ ಒತ್ತಿದ ಜಾಗ ಇಂಧನದ ಜಾಗವಾಗಿತ್ತು ಎಂಬುದನ್ನು ಮರೆಯಬಾರದು.

ತೇಜಸ್‌ಗೆ ಹಿಂದೆ ಅಡ್ಡ ಬಾಲವೇ ಇಲ್ಲವಲ್ಲ, ಅದು ಹೇಗೆ ನೆಟ್ಟಗೆ ಹಾರುತ್ತದೆ?

ಈ ಒಂದು ಪ್ರಶ್ನೆಯ ಮೇಲೆ ನಾವು ಎಷ್ಟೋ ಭಾನುವಾರಗಳನ್ನು ಕಳೆದಿದ್ದೇವೆ. ಆದ್ದರಿಂದ ಉತ್ತರ ಉದ್ದವಾದರೆ ಓದುಗರು ಕ್ಷಮಿಸಬೇಕು.

ಆಷಾಢದ ಗಾಳಿಗೆ ಪಟ ಹಾರಿಸಿದವರಿಗೆಲ್ಲ ಬಾಲಂಗೋಚಿ ಗೊತ್ತು. ಬಾಲಂಗೋಚಿ ಕಟ್ಟಿದ ಪಟ ತಾನಾಗಿಯೇ ನೆಟ್ಟಗೆ ನಿಲ್ಲುತ್ತದೆ. ದಾರವನ್ನು ಕಂಬಕ್ಕೆ ಕಟ್ಟಿ ಊಟ ಮಾಡಿ ಬಂದರೂ ಅಲ್ಲೇ ಇರುತ್ತದೆ. ಆದರೆ ಅದನ್ನು ಎಡಕ್ಕೆ ಬಲಕ್ಕೆ ಆಡಿಸುವುದು ಕಷ್ಟ. ಬಾಲಂಗೋಚಿ ಕಿತ್ತ ಪಟ ಬೆರಳಿನ ಒಂದು ಮಿಡಿತಕ್ಕೆ ಹೊರಳುತ್ತದೆ, ಎದುರಾಳಿಯ ದಾರದ ಮೇಲೆ ಎರಗುತ್ತದೆ; ಕೈ ತುಸು ತಪ್ಪಿದರೆ ಗೋತಾ ಹೊಡೆದು ನೆಲ ಸೇರುತ್ತದೆ. ಜಗಳದ ಪಟಕ್ಕೆ ಬಾಲಂಗೋಚಿ ಕಟ್ಟದಿರುವುದಕ್ಕೆ ಇದೇ ಕಾರಣ.

ಕಳೆದ ಬೇಸಿಗೆಯಲ್ಲಿ ರಾಯಚೂರಿನ ಹುಡುಗರಿಗೆ ಇದನ್ನು ತೋರಿಸಲು ನಾನು ಟಿವಿಯ ಡಬ್ಬದಲ್ಲಿ ಬಂದಿದ್ದ ಥರ್ಮಾಕೋಲನ್ನು ಕತ್ತರಿಸಿ, ಗೇಣುದ್ದದ ತ್ರಿಕೋನ ರೆಕ್ಕೆಯ ಗ್ಲೈಡರ್ ಮಾಡಿದೆ. ಮೂಗಿಗೆ ಒಂದು ರೂಪಾಯಿಯ ನಾಣ್ಯವನ್ನು ಟೇಪಿನಿಂದ ಅಂಟಿಸಿ ಎಸೆದಾಗ ಅದು ಮಹಡಿಯ ಈ ಗೋಡೆಯಿಂದ ಆ ಗೋಡೆಗೆ ಗೆರೆ ಎಳೆದಂತೆ ಹೋಯಿತು. ನಾಣ್ಯವನ್ನು ಒಂದು ಬೆರಳಗಲ ಹಿಂದಕ್ಕೆ ಸರಿಸಿದೆ; ಗ್ಲೈಡರ್ ಮೂಗೆತ್ತಿ, ಗಾಳಿಯಲ್ಲಿ ಒಂದು ಕ್ಷಣ ನಿಂತು, ಬೆನ್ನ ಮೇಲೆ ಬಿದ್ದು, ನೀರಿನ ಟ್ಯಾಂಕಿನೊಳಗೆ ಹೋಯಿತು. ತೂಕದ ಕೇಂದ್ರ ಮುಂದಿದ್ದರೆ ವಿಮಾನ ಸ್ಥಿರ, ಹಿಂದೆ ಸರಿದರೆ ಚಂಚಲ. ಹಳೆಯ ವಿನ್ಯಾಸಕಾರರು ಸ್ಥಿರತೆಗಾಗಿ ತೂಕವನ್ನು ಮುಂದಿಟ್ಟು, ಮೂಗು ಕುಸಿಯದಂತೆ ಹಿಂದಿನ ಅಡ್ಡ ಬಾಲದಿಂದ ಕೆಳಕ್ಕೆ ಒತ್ತಿಸುತ್ತಿದ್ದರು. ಬಾಲ ಕೆಳಕ್ಕೆ ಒತ್ತಿದಷ್ಟನ್ನೂ ರೆಕ್ಕೆ ಹೆಚ್ಚುವರಿಯಾಗಿ ಹೊರಬೇಕಾಗುತ್ತಿತ್ತು. ಅದು ವ್ಯರ್ಥ ದುಡಿಮೆ.

1974ರಲ್ಲಿ ಮೊದಲು ಹಾರಿದ ಎಫ್-16 ಈ ಲೆಕ್ಕವನ್ನು ತಿರುವಿಹಾಕಿತು. ವಿಮಾನವನ್ನು ಬೇಕೆಂದೇ ಚಂಚಲವಾಗಿ ಮಾಡಿ, ಪೈಲಟ್‌ನ ಕೈಗೂ ರೆಕ್ಕೆಯ ಫಲಕಗಳಿಗೂ ನಡುವೆ ವಿದ್ಯುತ್ ವ್ಯವಸ್ಥೆಯನ್ನು ಕೂರಿಸಿ, ಅದು ಸೆಕೆಂಡಿಗೆ ಹತ್ತಾರು ಸಲ ಫಲಕಗಳನ್ನು ತಿದ್ದುತ್ತ ವಿಮಾನವನ್ನು ಹದದಲ್ಲಿಡುವಂತೆ ಮಾಡಿದರು. ಇದೇ ಫ್ಲೈ-ಬೈ-ವೈರ್. ತೇಜಸ್‌ನಲ್ಲಿ ಈ ಕೆಲಸ ಡಿಜಿಟಲ್ ಕಂಪ್ಯೂಟರಿನದು. ಒಂದು ಕೆಟ್ಟರೆ ಇನ್ನೊಂದಿರಲೆಂದು ನಾಲ್ಕು ಸಮಾನ ದಾರಿಗಳನ್ನು ಇಟ್ಟಿದ್ದಾರೆ, ಏಕೆಂದರೆ ಕಂಪ್ಯೂಟರ್ ಇಲ್ಲದೆ ಆ ವಿಮಾನವನ್ನು ಮನುಷ್ಯನ ಕೈ ಹಿಡಿದಿಡಲಾರದು. 1998ರ ಪೋಖ್ರಾನ್ ಪರೀಕ್ಷೆಗಳ ನಂತರ ಅಮೆರಿಕ ನಿರ್ಬಂಧ ಹೇರಿದಾಗ ಈ ನಿಯಂತ್ರಣ ವ್ಯವಸ್ಥೆಯ ಮೇಲೆ ಅಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ತಂಡ ಮರಳಬೇಕಾಯಿತು; ಉಳಿದ ಕೆಲಸವನ್ನು ಬೆಂಗಳೂರಿನಲ್ಲೇ ಮುಗಿಸಿ, 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಅದನ್ನು ಮೊದಲ ಬಾರಿಗೆ ಹಾರಿಸಿದರು. ತೇಜಸ್‌ನ ಬಗ್ಗೆ ಯಾರು ಏನೇ ಹೇಳಲಿ, ಆ ನಿಯಂತ್ರಣ ವ್ಯವಸ್ಥೆಯನ್ನು ನಾನು ಅದರ ಎಲ್ಲ ಅಂಗಗಳಿಗಿಂತ ಹೆಚ್ಚು ಮೆಚ್ಚುತ್ತೇನೆ.

ಬಾಲವನ್ನು ಬಿಟ್ಟಿದ್ದಕ್ಕೆ ತೆತ್ತ ಬೆಲೆಯೂ ಇದೆ. ಬಾಲವಿಲ್ಲದ ತ್ರಿಕೋನ ರೆಕ್ಕೆಯ ವಿಮಾನ ಬಿಗಿಯಾಗಿ ತಿರುಗುತ್ತ ಹೋದರೆ ವೇಗವನ್ನು ಬೇಗ ಕಳೆದುಕೊಳ್ಳುತ್ತದೆ, ಇಳಿಯುವಾಗ ಮೂಗನ್ನು ಎತ್ತಿಕೊಂಡು ಬರಬೇಕಾಗುತ್ತದೆ.

ರಫೇಲ್‌ನ ಮುಂದೆ ಇರುವ ಪುಟ್ಟ ರೆಕ್ಕೆ ತೇಜಸ್‌ಗೆ ಏಕಿಲ್ಲ?

ಆ ಪುಟ್ಟ ರೆಕ್ಕೆಯನ್ನು ಕನಾರ್ಡ್ ಎನ್ನುತ್ತಾರೆ. ಅದು ಮುಖ್ಯ ರೆಕ್ಕೆಯ ಮೇಲೆ ಗಾಳಿಯ ಸುಳಿಗಳನ್ನು ಹಾಯಿಸಿ, ಮೂಗು ಬಹಳ ಎತ್ತಿದಾಗಲೂ ರೆಕ್ಕೆಯ ಹಿಡಿತ ತಪ್ಪದಂತೆ ಕಾಯುತ್ತದೆ. ತೇಜಸ್‌ನಲ್ಲಿ ಆ ಸುಳಿಯನ್ನು ರೆಕ್ಕೆಯ ಆಕಾರದಿಂದಲೇ ಎಬ್ಬಿಸಿದ್ದಾರೆ: ಬುಡದಲ್ಲಿ ರೆಕ್ಕೆಯ ಮುಂಚೂಣಿ ಕಡಿಮೆ ಓರೆ, ತುದಿಯತ್ತ ಹೋದಂತೆ ಹೆಚ್ಚು ಓರೆ. ಸಣ್ಣ ವಿಮಾನಕ್ಕೆ ಎರಡು ಹೆಚ್ಚುವರಿ ರೆಕ್ಕೆಗಳ ತೂಕವನ್ನೂ ಅವುಗಳ ಯಂತ್ರದ ತೂಕವನ್ನೂ ಹೊರಿಸುವುದು ಬೇಡವೆಂಬುದು ಲೆಕ್ಕ.

ಎರಡು ಎಂಜಿನ್ ಇದ್ದರೆ ಹೆಚ್ಚು ಸುರಕ್ಷಿತವಲ್ಲವೇ?

ಒಂದು ಕೆಟ್ಟರೆ ಇನ್ನೊಂದು ಮನೆ ಮುಟ್ಟಿಸುತ್ತದೆ ಎಂಬುದು ನಿಜ. ಆದರೆ ಎರಡು ಎಂಜಿನ್ ಎಂದರೆ ಎರಡರ ತೂಕ, ಎರಡರ ಇಂಧನ, ಎರಡರ ದುರಸ್ತಿ, ಅವನ್ನೆಲ್ಲ ಹೊರಲು ಇನ್ನೂ ದೊಡ್ಡ ಒಡಲು. ಗಾತ್ರದ ಅಂದಾಜಿಗೆ ನಮ್ಮ ಸಾರಿಗೆ ಬಸ್ಸನ್ನು ಇಟ್ಟುಕೊಳ್ಳಿ: 1971ರಲ್ಲಿ ಶ್ರೀನಗರದ ಮೇಲೆ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಹಾರಿಸಿದ ನ್ಯಾಟ್ ಬಸ್ಸಿಗಿಂತ ಚಿಕ್ಕದು, ತೇಜಸ್ 13.2 ಮೀಟರ್ ಉದ್ದವಿದ್ದು ಬಸ್ಸಿಗಿಂತ ತುಸು ಉದ್ದ, ಸುಖೋಯ್-30 ಸುಮಾರು 22 ಮೀಟರ್, ಅಂದರೆ ಒಂದರ ಹಿಂದೆ ಒಂದು ನಿಲ್ಲಿಸಿದ ಎರಡು ಬಸ್ಸು. ತೇಜಸ್‌ನ ಗರಿಷ್ಠ ತೂಕ 13,500 ಕಿಲೋ, ಸುಖೋಯ್‌ನದು 38,800 ಕಿಲೋ. ಇಂಧನವನ್ನೂ ಸುಖೋಯ್ ಹೆಚ್ಚು ಕಡಿಮೆ ನಾಲ್ಕು ಪಟ್ಟು ಒಯ್ಯುತ್ತದೆ. ದೂರ ಹೋಗುವ, ಭಾರ ಹೊರುವ ಕೆಲಸಕ್ಕೆ ಸುಖೋಯ್ ಬೇಕು. ಪ್ರತಿ ಹಾರಾಟಕ್ಕೂ ಅದನ್ನೇ ಕಳಿಸುವುದು, ಗಂಗಾವತಿಯ ಅಕ್ಕಿ ಗಿರಣಿಯ ಲಾರಿಯಲ್ಲಿ ಒಂದು ಚೀಲ ಅಕ್ಕಿಯನ್ನು ಮನೆಗೆ ತಂದಂತೆ.

ಚಿಕ್ಕದು ಎದುರಾಳಿಯ ಕಣ್ಣಿಗೆ ಬೀಳುವುದೂ ತಡ. ಯುದ್ಧಗಳಲ್ಲಿ ನ್ಯಾಟ್ ಪಾಕಿಸ್ತಾನದ ವಿಮಾನಗಳನ್ನು ಗೆದ್ದಿದ್ದರಲ್ಲಿ ಅದರ ಪುಟ್ಟ ಗಾತ್ರದ ಪಾಲು ದೊಡ್ಡದು.

ಬೆಂಗಳೂರಿನಲ್ಲೇ ಮಾಡಿದ ಮಾರುತ ಏಕೆ ನಿರೀಕ್ಷೆ ಮುಟ್ಟಲಿಲ್ಲ?

ಎಚ್‌ಎಫ್-24 ಮಾರುತವನ್ನು ವಿನ್ಯಾಸ ಮಾಡಲು ಜರ್ಮನಿಯ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದರು. 1961ರ ಜೂನ್ 17ರಂದು ಸುರಂಜನ್ ದಾಸ್ ಅದನ್ನು ಮೊದಲು ಹಾರಿಸಿದರು. ವಿಮಾನಗಳ ಫ್ಯಾಕ್ಟರಿಯೇ ಹೊಸದಾಗಿದ್ದ ದೇಶವೊಂದು ಶಬ್ದಾತೀತ ವೇಗದ ಕನಸು ಕಂಡು, ಅಂಥ ತೆಳುಮೈಯ, ಹಿಂದಕ್ಕೆ ಓರೆಯಾದ ರೆಕ್ಕೆಗಳ ಸುಂದರ ವಿಮಾನವನ್ನು ಐದೇ ವರ್ಷಗಳಲ್ಲಿ ಆಕಾಶಕ್ಕೇರಿಸಿತೆಂಬುದು ಸಣ್ಣ ಮಾತಲ್ಲ.

ಸಮಸ್ಯೆ ಎಂಜಿನ್‌ನದು. ಆಫ್ಟರ್‌ಬರ್ನರ್ (ಹಿಂಬದಿಯಲ್ಲಿ ಹೆಚ್ಚುವರಿ ಇಂಧನ ಉರಿಸಿ ಬಲ ಕೂಡಿಸುವ ಭಾಗ) ಇರುವ ಹೆಚ್ಚು ಬಲದ ಆರ್ಫಿಯಸ್ ಎಂಜಿನ್‌ನ್ನು ನಂಬಿ ಒಡಲನ್ನು ರೂಪಿಸಲಾಗಿತ್ತು. ಬ್ರಿಟನ್ನಿನಲ್ಲಿ ಆ ಎಂಜಿನ್‌ನ ಅಭಿವೃದ್ಧಿ ನಿಂತುಹೋಯಿತು. ಉಳಿದದ್ದು ಪುಟ್ಟ ನ್ಯಾಟ್‌ಗೂ ಒಪ್ಪುತ್ತಿದ್ದ ಮನೆತನದ ಆರ್ಫಿಯಸ್ 703, ಆಫ್ಟರ್‌ಬರ್ನರ್ ಇಲ್ಲದ್ದು. ಅಂಥ ಎರಡನ್ನು ಹಾಕಿದರೂ ಬಲ ಸಾಲಲಿಲ್ಲ. ಶಬ್ದದ ಎರಡು ಪಟ್ಟು ವೇಗಕ್ಕೆ ಕೆತ್ತಿದ ಮೈ, ಶಬ್ದದ ವೇಗದ ಹತ್ತಿರ ಏದುಸಿರು ಬಿಡುವ ಎದೆ. ಬೇರೆ ಎಂಜಿನ್‌ಗಳನ್ನು ಹುಡುಕಿದರು, ಈಜಿಪ್ಟ್ ಮಾಡುತ್ತಿದ್ದ ಎಂಜಿನ್‌ನೊಂದಿಗೂ ಒಂದು ಮಾರುತವನ್ನು ಹಾರಿಸಿ ನೋಡಿದರು, ಯಾವುದೂ ಕೈಗೂಡಲಿಲ್ಲ. 1970ರ ಜನವರಿಯಲ್ಲಿ ಹೆಚ್ಚು ಬಲದ ಎಂಜಿನ್‌ನ ಮಾರುತವೊಂದನ್ನು ಪರೀಕ್ಷಿಸುವಾಗ ನಡೆದ ಅಪಘಾತದಲ್ಲಿ ಸುರಂಜನ್ ದಾಸ್ ಅವರೇ ತೀರಿಕೊಂಡರು.

ಆದರೂ 147 ಮಾರುತಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ನೆಲದಾಳಿ ನಡೆಸಿದವು. ಒಂದು ಎಂಜಿನ್‌ಗೆ ಏಟು ಬಿದ್ದ ಮೇಲೂ ಇನ್ನೊಂದರಲ್ಲಿ ಮರಳಿ ಬಂದವೂ ಇವೆ. ಪೈಲಟ್‌ಗಳು ಅದನ್ನು ಕೆಳಮಟ್ಟದಲ್ಲಿ ಹಾರಿಸಲು ಇಷ್ಟಪಡುತ್ತಿದ್ದರು. ಮಾರುತವನ್ನು ಸೋತ ವಿಮಾನವೆಂದು ಕರೆಯುವವರೊಂದಿಗೆ ನಾನು ಒಪ್ಪುವುದಿಲ್ಲ. ಸೋತದ್ದು ಎಂಜಿನ್ ಸಿಗುವ ಮೊದಲೇ ಒಡಲನ್ನು ಕಟ್ಟುವ ಯೋಜನೆ. ಈ ಪಾಠ ಅಗ್ಗದ್ದಲ್ಲ: ತೇಜಸ್‌ಗಾಗಿ ನಮ್ಮವರು ಕೈಗೆತ್ತಿಕೊಂಡ ಕಾವೇರಿ ಎಂಜಿನ್‌ನೂ ಬೇಕಾದ ಬಲಕ್ಕೆ ಬರಲಿಲ್ಲ, ಇಂದಿಗೂ ತೇಜಸ್ ಅಮೆರಿಕದ ಎಫ್404 ಎಂಜಿನ್‌ನಲ್ಲೇ ಹಾರುತ್ತಿದೆ. ಆದರೆ ಈ ಸಲ ಸಿಗುವ ಎಂಜಿನ್‌ನೊಂದಿಗೆ ಒಡಲನ್ನು ಮೊದಲು ಹಾರಿಸಿದರು. ಕಾವೇರಿಗಾಗಿ ಕಾಯುತ್ತ ಕೂರಲಿಲ್ಲ.

ನಮ್ಮ ರಾಯಚೂರಿನ ಬಿಸಿಲಿಗೂ ಯುದ್ಧವಿಮಾನಕ್ಕೂ ಏನಾದರೂ ಸಂಬಂಧವಿದೆಯೇ?

ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಬಿರುಬೇಸಿಗೆ ಎಂಬ ಮಾತನ್ನು ಕೇಳಿ ನಕ್ಕವರು ಈ ಲೆಕ್ಕವನ್ನು ನೋಡಬೇಕು. ಎಂಜಿನ್‌ಗೂ ರೆಕ್ಕೆಗೂ ಬೇಕಾದದ್ದು ಗಾಳಿಯ ಸಾಂದ್ರತೆ. ಕೈಪಿಡಿಗಳಲ್ಲಿ ಬರೆಯುವ ಅಂಕಿಗಳೆಲ್ಲ ಸಮುದ್ರಮಟ್ಟದ, 15 ಡಿಗ್ರಿಯ ಗಾಳಿಗೆ ಸಂಬಂಧಿಸಿದವು. ರಾಯಚೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಮೇಲಿದೆ; ಮೇ ತಿಂಗಳ ಮಧ್ಯಾಹ್ನ 44 ಡಿಗ್ರಿ ಇದೆಯೆಂದುಕೊಳ್ಳೋಣ. ಬಿಸಿಯಿಂದ ಗಾಳಿ ಹಿಗ್ಗಿ ಸಾಂದ್ರತೆ ಶೇಕಡ 9ರಷ್ಟು ಇಳಿಯುತ್ತದೆ, ಎತ್ತರದಿಂದ ಇನ್ನೂ ಶೇಕಡ 5ರ ಹತ್ತಿರ. ಒಟ್ಟಿನಲ್ಲಿ ಶೇಕಡ 13ರಷ್ಟು ಗಾಳಿ ಅಲ್ಲಿಲ್ಲ. ಅಷ್ಟೇ ತೂಕ ಹೊತ್ತು ಮೇಲೇಳಲು ರೆಕ್ಕೆಗೆ ಶೇಕಡ 7ರಷ್ಟು ಹೆಚ್ಚು ವೇಗ ಬೇಕು. ಅದೇ ಹೊತ್ತಿಗೆ ಎಂಜಿನ್‌ನ ಬಲ ಕುಗ್ಗಿರುತ್ತದೆ. ಎರಡನ್ನೂ ಸೇರಿಸಿ ಒರಟು ಲೆಕ್ಕ ಹಾಕಿದರೆ ರನ್‌ವೇಯ ಮೇಲೆ ಓಡಬೇಕಾದ ದೂರ ಮೂರನೇ ಒಂದು ಭಾಗದಷ್ಟು ಹೆಚ್ಚುತ್ತದೆ. ಕೊಪ್ಪಳದ ನಮ್ಮ ಮೇಷ್ಟ್ರು ಈ ಲೆಕ್ಕವನ್ನು ಚಹಾದಂಗಡಿಯ ಬಿಲ್ಲಿನ ಹಿಂಬದಿಯಲ್ಲಿ ಮಾಡಿ ತೋರಿಸಿದಾಗ, ಅಂಗಡಿಯ ಯಜಮಾನರೂ ಒಲೆ ಸಣ್ಣ ಮಾಡಿ ಬಂದು ನಿಂತರು.

ಯುರೋಪಿನ ತಂಪಿನಲ್ಲಿ ಹುಟ್ಟಿದ ವಿಮಾನಗಳು ನಮ್ಮಲ್ಲಿಗೆ ಬಂದಾಗ ಈ ತೊಂದರೆ ಎದುರಾಗುತ್ತದೆ. ಜಾಗ್ವಾರ್‌ನ ಎರಡು ಅಡೋರ್ ಎಂಜಿನ್‌ಗಳು ಬಿಸಿಲಿನಲ್ಲಿ ಪೂರ್ತಿ ಹೊರೆ ಹೊತ್ತಾಗ ಸಾಲದೆಂಬ ದೂರು ಹಳೆಯದು. ಬಲವಾದ ಎಂಜಿನ್ ಹಾಕುವ ಯೋಜನೆಯೂ ಇತ್ತು, ಖರ್ಚಿನ ಕಾರಣಕ್ಕೆ ಕೈಬಿಡಲಾಯಿತು. ಇನ್ನೊಂದು ತುದಿಯಲ್ಲಿ ಲೇಹ್ ಇದೆ, ಮೂರು ಸಾವಿರ ಮೀಟರ್‌ಗಿಂತ ಎತ್ತರ. ತೇಜಸ್‌ನ್ನು ಅಲ್ಲಿ ಇಡೀ ರಾತ್ರಿ ಚಳಿಯಲ್ಲಿ ನಿಲ್ಲಿಸಿ, ಬೆಳಿಗ್ಗೆ ಹೊರಗಿನ ನೆರವಿಲ್ಲದೆ ಎಂಜಿನ್ ಚಾಲೂ ಆಗುತ್ತದೆಯೇ ಎಂದು ಪರೀಕ್ಷಿಸಿದರು. ಮರುಭೂಮಿಗೂ ಹಿಮಾಲಯಕ್ಕೂ ಒಂದೇ ವಿಮಾನ ಬೇಕೆಂದು ಕೇಳುವ ದೇಶಗಳು ಹೆಚ್ಚಿಲ್ಲ.

ಹಿಂದಿನಿಂದ ಬೆಂಕಿ ಕಾರುತ್ತದಲ್ಲ, ಅದನ್ನು ಸದಾ ಉರಿಸಬಾರದೇಕೆ?

ಅದು ಆಫ್ಟರ್‌ಬರ್ನರ್. ಎಂಜಿನ್ ದಾಟಿ ಬಂದ ಬಿಸಿಗಾಳಿಯಲ್ಲಿ ಉಳಿದಿರುವ ಆಮ್ಲಜನಕಕ್ಕೆ ಮತ್ತಷ್ಟು ಇಂಧನವನ್ನು ಚಿಮ್ಮಿಸಿ ಉರಿಸುವುದು. ಬಲ ಒಂದೂವರೆ ಪಟ್ಟು ಆಗುತ್ತದೆ, ಇಂಧನ ಮೂರು ಪಟ್ಟಿಗೂ ಮಿಕ್ಕಿ ಖರ್ಚಾಗುತ್ತದೆ. ಮೇಲೇಳಲು, ತಪ್ಪಿಸಿಕೊಳ್ಳಲು ಅಷ್ಟೇ ಸಾಕು. ಉರಿಸುತ್ತಲೇ ಇದ್ದರೆ ಟ್ಯಾಂಕು ನಿಮಿಷಗಳಲ್ಲಿ ಬರಿದಾಗುತ್ತದೆ.

ಸ್ಟೆಲ್ತ್ ವಿಮಾನ ರೇಡಾರಿಗೆ ಕಾಣುವುದೇ ಇಲ್ಲವೇ?

ಕಾಣುತ್ತದೆ, ಆದರೆ ತಡವಾಗಿ, ಹತ್ತಿರ ಬಂದ ಮೇಲೆ. ಸ್ಟೆಲ್ತ್‌ನ ಬಹುಪಾಲು ಕೆಲಸವನ್ನು ಮಾಡುವುದು ಬಣ್ಣವಲ್ಲ, ಆಕಾರ. ರೇಡಾರಿನ ಅಲೆ ಬಂದ ದಾರಿಯಲ್ಲೇ ಹಿಂದಿರುಗದೆ ಬೇರೆಡೆಗೆ ಚಿಮ್ಮುವಂತೆ ಮೈಯ ಪ್ರತಿ ಅಂಚನ್ನೂ ಓರೆ ಮಾಡಬೇಕು. 1981ರಲ್ಲಿ ಮೊದಲು ಹಾರಿದ ಅಮೆರಿಕದ ಎಫ್-117 ಇದಕ್ಕಾಗಿ ಎಲ್ಲವನ್ನೂ ಒತ್ತೆಯಿಟ್ಟಿತು: ಶಬ್ದದ ವೇಗ ದಾಟಲಾಗದು, ಆಫ್ಟರ್‌ಬರ್ನರ್ ಇಲ್ಲ, ರೇಡಾರ್ ಇಲ್ಲ, ಬಂದೂಕು ಇಲ್ಲ, ಹೆಸರಿನಲ್ಲಿ ಯುದ್ಧವಿಮಾನವೆಂಬ ಅಕ್ಷರವಿದ್ದರೂ ಮಾಡುತ್ತಿದ್ದದ್ದು ರಾತ್ರಿ ಬಾಂಬು ಹಾಕುವ ಕೆಲಸ. 1999ರ ಮಾರ್ಚ್ 27ರಂದು ಸರ್ಬಿಯಾದಲ್ಲಿ ಅದರಲ್ಲೊಂದನ್ನು ಹಳೆಯ ಸೋವಿಯತ್ ಕ್ಷಿಪಣಿಯಿಂದಲೇ ಹೊಡೆದುರುಳಿಸಿದರು.

ಸ್ಟೆಲ್ತ್ ವಿಮಾನದಲ್ಲಿ ಆಯುಧಗಳನ್ನು ರೆಕ್ಕೆಯಡಿ ತೂಗುಹಾಕುವಂತಿಲ್ಲ, ಹೊಟ್ಟೆಯೊಳಗೆ ಅಡಗಿಸಬೇಕು. ಹೊಟ್ಟೆಯಲ್ಲಿ ಆಯುಧವಿದ್ದಲ್ಲಿ ಇಂಧನಕ್ಕೆ ಜಾಗವಿಲ್ಲ, ಎರಡೂ ಬೇಕೆಂದರೆ ವಿಮಾನ ದಪ್ಪವಾಗುತ್ತದೆ. 2024ರ ಮಾರ್ಚ್‌ನಲ್ಲಿ ಕೇಂದ್ರದ ಒಪ್ಪಿಗೆ ಪಡೆದ ನಮ್ಮದೇ ಸ್ಟೆಲ್ತ್ ಯುದ್ಧವಿಮಾನದ ಯೋಜನೆ ಆಮ್ಕಾ ಎರಡು ಎಂಜಿನ್‌ನ, 25 ಟನ್ ವರ್ಗದ ವಿಮಾನವಾಗಿರುವುದಕ್ಕೆ ಇದೂ ಒಂದು ಕಾರಣ.

ಕ್ಷಿಪಣಿ ಇರುವಾಗ ಬಂದೂಕು ಏಕೆ?

ಬೇಡವೆಂದೇ 1950ರ ದಶಕದಲ್ಲಿ ತೀರ್ಮಾನಿಸಿದ್ದರು. ಅಮೆರಿಕದ ಮೊದಮೊದಲ ಎಫ್-4ಗಳಲ್ಲಿ ಬಂದೂಕು ಇರಲಿಲ್ಲ. ವಿಯೆಟ್ನಾಂನಲ್ಲಿ ಕ್ಷಿಪಣಿಗಳು ಗುರಿ ತಪ್ಪಿದಾಗ ಅರಿವಾಗಿ ಎಫ್-4ಇ ಮಾದರಿಯಲ್ಲಿ ಕೂರಿಸಿದರು. ನಮ್ಮ ಮಿಗ್-21 ಎಫ್‌ಎಲ್‌ನೊಳಗೂ ಇರಲಿಲ್ಲ. ಹೊಟ್ಟೆಯಡಿ 23 ಮಿಲಿಮೀಟರ್ ತೋಪಿನ ಪೆಟ್ಟಿಗೆಯನ್ನು ತೂಗುಹಾಕಲಾಯಿತು, 1971ರಲ್ಲಿ ಪಾಕಿಸ್ತಾನದ ಎಫ್-104 ಅನ್ನು ಹೊಡೆದುರುಳಿಸಿದ್ದು ಆ ತೋಪೇ.

9 ಜಿ ಎಂದರೆ ಏನು? ಅದಕ್ಕಿಂತ ಹೆಚ್ಚು ತಿರುಗಲು ಸಾಧ್ಯವಿಲ್ಲವೇ?

ವಿಮಾನಕ್ಕೆ ಸಾಧ್ಯ, ಒಳಗೆ ಕೂತವರಿಗೆ ಕಷ್ಟ. 9 ಜಿ ತಿರುವಿನಲ್ಲಿ 70 ಕಿಲೋ ತೂಕದವರು 630 ಕಿಲೋ ತೂಗುತ್ತಾರೆ, ರಕ್ತ ತಲೆಯಿಂದ ಕಾಲಿಗೆ ಇಳಿದು ಕಣ್ಣು ಕತ್ತಲಿಡುತ್ತದೆ. ಕಾಲು ಮತ್ತು ಹೊಟ್ಟೆಯನ್ನು ಒತ್ತುವ ಜಿ-ಸೂಟು ತೊಟ್ಟು, ಸ್ನಾಯು ಬಿಗಿಹಿಡಿದು, ಎಣಿಸಿದಂತೆ ಉಸಿರಾಡಿ ತಡೆದುಕೊಳ್ಳುತ್ತಾರೆ. ಎಫ್-16ರ ಆಸನ 30 ಡಿಗ್ರಿ ಹಿಂದಕ್ಕೆ ಒರಗಿರುವುದೂ ಇದಕ್ಕಾಗಿಯೇ. ಆದರೆ ಹಾಗೆ ಒರಗಿ ಕೂತು ಹಿಂದಕ್ಕೆ ತಿರುಗಿ ನೋಡಿದರೆ ಕುತ್ತಿಗೆ ಹಿಡಿದುಕೊಳ್ಳುತ್ತದೆ.

ಕೊಲ್ಲುವ ಯಂತ್ರವನ್ನು ಮೆಚ್ಚುವುದು ಸರಿಯೇ?

ಮನೆಯವರೂ ಕೇಳುತ್ತಾರೆ. ನಮ್ಮಲ್ಲಿ ಒಮ್ಮತವಿಲ್ಲ. ನಾನು ಮೆಚ್ಚುವುದು ಒಂದು ಕಿಲೋ ತೂಕಕ್ಕಾಗಿ ವರ್ಷಗಟ್ಟಲೆ ತಲೆ ಕೆಡಿಸಿಕೊಂಡ ವಿನ್ಯಾಸಕಾರರ ದುಡಿಮೆಯನ್ನು. ಆದರೆ ಆ ದುಡಿಮೆ ಯಾವುದಕ್ಕಾಗಿ ಎಂಬುದನ್ನು ಮರೆತಂತೆ ನಟಿಸುವುದೂ ನನ್ನಿಂದಾಗದು. ಯುದ್ಧದ ಸುದ್ದಿ ಬಂದ ದಿನ ನಮ್ಮ ಮೇಜಿನ ಮೇಲೆ ಮಾತು ಕಡಿಮೆಯಿರುತ್ತದೆ.

ಈ ಭಾಗದವರು ಯುದ್ಧವಿಮಾನಗಳನ್ನು ಹತ್ತಿರದಿಂದ ಎಲ್ಲಿ ನೋಡಬಹುದು?

ನಮ್ಮ ಕಲ್ಯಾಣ ಕರ್ನಾಟಕದ ದೊಡ್ಡ ವಾಯುನೆಲೆ ಬೀದರ್‌ನದು. ಅಲ್ಲಿ ಹಾಕ್ ವಿಮಾನಗಳಲ್ಲಿ ಪೈಲಟ್‌ಗಳಿಗೆ ತರಬೇತಿ ನಡೆಯುತ್ತದೆ, ಸೂರ್ಯಕಿರಣ ತಂಡದ ನೆಲೆಯೂ ಅದೇ. ಆದರೆ ಅದು ಸೇನಾ ಸ್ಥಳ. ಬೇಲಿಯಾಚೆಯಿಂದ ಫೋಟೊ ತೆಗೆಯುವ ಸಾಹಸ ಬೇಡ. ಹಾರಾಟವನ್ನೇ ನೋಡಬೇಕೆಂದರೆ ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ನಡೆಯುವ ಏರೋ ಇಂಡಿಯಾಕ್ಕೆ ಟಿಕೆಟ್ ತೆಗೆದುಕೊಂಡು ಹೋಗಬೇಕು, ಟೋಪಿ ಮತ್ತು ನೀರಿನ ಬಾಟಲಿ ಜೊತೆಗಿರಲಿ.

ವಿನ್ಯಾಸವನ್ನು ಓದಬೇಕೆಂದರೆ ನಿಂತ ವಿಮಾನವೇ ವಾಸಿ. ಕೊಪ್ಪಳ, ಬಳ್ಳಾರಿಯವರು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ, ರಾಯಚೂರಿನವರು ಉದ್ಯಾನ್‌ನಲ್ಲಿ ಬೆಂಗಳೂರು ತಲುಪಿ, ಮೊದಲು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿರುವ ಮಾರುತವನ್ನು ನೋಡಿ, ಆಮೇಲೆ ಎಚ್‌ಎಎಲ್‌ನ ಹೆರಿಟೇಜ್ ಸೆಂಟರ್‌ಗೆ ಹೋಗುವುದು ಒಳ್ಳೆಯದು. ಮಾರುತದ ಮುಂದೆ ನಿಂತು ಎಲ್ಲರೂ ಮೂಗಿನ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಾರೆ. ನೀವು ಹಿಂದಕ್ಕೆ ಹೋಗಿ, ಹತ್ತಿರ ಹತ್ತಿರ 16 ಮೀಟರ್ ಉದ್ದದ ಆ ಮೈಯ ತುದಿಯಲ್ಲಿ ಅಕ್ಕಪಕ್ಕ ಇರುವ ಎರಡು ಎಂಜಿನ್ ಬಾಯಿಗಳ ಅಳತೆಯನ್ನು ಕಣ್ಣಲ್ಲೇ ತೆಗೆದುಕೊಂಡು ಬನ್ನಿ. ಎಚ್‌ಎಎಲ್ ಕಡೆಗೆ ಹೋಗುವಾಗ ಸುರಂಜನ್ ದಾಸ್ ಅವರ ಹೆಸರಿನ ರಸ್ತೆಯೂ ಆ ಭಾಗದಲ್ಲೇ ಸಿಗುತ್ತದೆ.